ಕಾಲ ಸಂದಿಯಿಂದ ಹಾರುವ ಚೆಂಡು: ಲಾಂಗ್ ಸ್ನ್ಯಾಪರ್‌ನನ್ನು ನೋಡಲು ರಸಿಕರಿಗೊಂದು ಕೈಪಿಡಿ

ಅಮೆರಿಕನ್ ಫುಟ್‌ಬಾಲ್ ನೋಡುತ್ತ ಕೂತ ಯಾವ ಮನೆಯಲ್ಲೇ ಆಗಲಿ, ನಾಲ್ಕನೆಯ ಡೌನ್ ಬಂತೆಂದರೆ ಜನ ಎದ್ದುಬಿಡುತ್ತಾರೆ. ಒಬ್ಬರು ಅಡುಗೆಮನೆಗೆ, ಒಬ್ಬರು ಬಚ್ಚಲಿಗೆ, ಉಳಿದವರು ಫೋನಿಗೆ. ಪಂಟ್ ತಾನೆ, ಅದರಲ್ಲಿ ನೋಡುವುದಕ್ಕೇನಿದೆ ಎಂಬ ಧಾಟಿ. ಅವರೆಲ್ಲ ಎದ್ದ ಮೇಲೂ ಕೂತಿರಲು ಮನಸ್ಸಿರುವವರಿಗೆ ಈ ಕೈಪಿಡಿ. ಮಗಳ ಮನೆಗೆಂದು ಡಲ್ಲಾಸಿಗೋ ನ್ಯೂಜೆರ್ಸಿಗೋ ಹೋಗಿ, ಥ್ಯಾಂಕ್ಸ್‌ಗಿವಿಂಗ್ ದಿನ ಅಳಿಯಂದಿರ ಪಕ್ಕದ ಸೋಫಾದಲ್ಲಿ ಸಿಕ್ಕಿಹಾಕಿಕೊಂಡವರಿಗೂ, ಬೆಂಗಳೂರಿನಲ್ಲಿ ಭಾನುವಾರ ರಾತ್ರಿ ಹತ್ತೂವರೆಗೋ ಹನ್ನೊಂದೂವರೆಗೋ ಶುರುವಾಗುವ ಪಂದ್ಯಕ್ಕೆ ಕಣ್ಣುಜ್ಜಿಕೊಂಡು ಕೂರುವ ಹುಡುಗ ಹುಡುಗಿಯರಿಗೂ ಇದು ಉಪಯೋಗಕ್ಕೆ ಬಂದೀತು.

ಆಟದ ಪೂರ್ತಿ ವ್ಯಾಕರಣ ಇಲ್ಲಿ ಬೇಡ. ಇಷ್ಟು ತಿಳಿದರೆ ಸಾಕು: ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದೂ ಒಂದು ಡೌನ್. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದನ್ನು ಸಾಮಾನ್ಯವಾಗಿ ಒದೆಯಲಿಕ್ಕೆ ಬಳಸುತ್ತಾರೆ. ಗೋಲುಕಂಬ ದೂರವಿದ್ದರೆ ಚೆಂಡನ್ನು ಎದುರಾಳಿಯ ಅಂಗಳದ ಆಳಕ್ಕೆ ಒದ್ದು ಕಳಿಸುವುದು, ಅದು ಪಂಟ್. ಹತ್ತಿರವಿದ್ದರೆ ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆಯುವುದು, ಅದು ಫೀಲ್ಡ್ ಗೋಲ್. ಚೆಂಡನ್ನು ಎದುರಾಳಿಯ ಗೋಲುಗೆರೆ ದಾಟಿಸಿ ಟಚ್‌ಡೌನ್ ಆದ ಮೇಲೆ ಸಿಗುವ ಹೆಚ್ಚುವರಿ ಒಂದು ಅಂಕಕ್ಕೂ ಅದೇ ಬಗೆಯ ಒದೆತ. ಈ ಮೂರರಲ್ಲೂ ಮೊದಲು ಚೆಂಡು ಹಿಂದಕ್ಕೆ ಬರಬೇಕು. ಸಾಲಿನ ನಟ್ಟನಡುವೆ ಬಗ್ಗಿ ನಿಂತು, ಎರಡು ಕಾಲುಗಳ ನಡುವಿಂದ ಅದನ್ನು ಹಿಂದಕ್ಕೆ ಚಿಮ್ಮಿಸುವವನೇ ಲಾಂಗ್ ಸ್ನ್ಯಾಪರ್. ಮಾಮೂಲು ಆಟದಲ್ಲಿ ಚೆಂಡು ಕೊಡುವ ಸೆಂಟರ್ ಬೇರೆ, ಇವನು ಬೇರೆ. ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ 32 ತಂಡ, ತಂಡಕ್ಕೆ 53 ಆಟಗಾರರು, ಅದರಲ್ಲಿ ಇವನು ಒಬ್ಬನೇ. ಪಂದ್ಯಕ್ಕೆ ಎಂಟೋ ಹತ್ತೋ ಸಲ ಮೈದಾನಕ್ಕೆ ಬಂದು ಹೋಗುತ್ತಾನೆ.

ತಪ್ಪು ಮಾಡಿದಾಗ ಮಾತ್ರ ಇವನು ಕಣ್ಣಿಗೆ ಬೀಳುತ್ತಾನೆ ಎಂದು ಕಾಮೆಂಟರಿಯವರು ಸೀಸನ್ನಿಗೊಮ್ಮೆಯಾದರೂ ಹೇಳುತ್ತಾರೆ. ನೋಡುವವರ ಸೋಮಾರಿತನವನ್ನು ಆಡುವವನ ತಲೆಗೆ ಕಟ್ಟುವ ಮಾತು ಅದು. ಸರಿಯಾದ ಸ್ನ್ಯಾಪ್‌ಗಳಲ್ಲೇ ಸೊಗಸಾದದ್ದು, ಸಾಧಾರಣದ್ದು, ಹೇಗೋ ಪಾರಾದದ್ದು ಎಂಬ ಭೇದಗಳಿವೆ. ಕೆಟ್ಟ ಸ್ನ್ಯಾಪನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಒಳ್ಳೆಯ ಎರಡರ ನಡುವೆ ಯಾವುದು ಹೆಚ್ಚು ಒಳ್ಳೆಯದು ಎಂದು ಹೇಳಬಲ್ಲವರು ರಸಿಕರು.

ಮೊದಲು ಕೈ ನೋಡಿ

ಟೀವಿಯವರು ಪಂಟ್‌ಗೆ ಮುಂಚೆ ಒಮ್ಮೊಮ್ಮೆ ಗೋಲಿನ ಹಿಂದಿನ ಕ್ಯಾಮೆರಾಕ್ಕೆ ಹೋಗುತ್ತಾರೆ. ಆ ಕೋನ ಸಿಕ್ಕರೆ ಬಿಡಬೇಡಿ. ಪಾದಗಳು ಭುಜಕ್ಕಿಂತ ಅಗಲಕ್ಕೆ ಊರಿರುತ್ತವೆ, ಸೊಂಟ ಮೇಲೆ, ತಲೆ ಕೆಳಗೆ. ಚೆಂಡು ಅವನ ಮುಂದೆ ಹುಲ್ಲಿನ ಮೇಲೆ, ತೋಳು ಪೂರ್ತಿ ಚಾಚಿದರೆ ಸಿಗುವಷ್ಟು ದೂರದಲ್ಲಿರುತ್ತದೆ. ಸುಮಾರು 28 ಸೆಂಟಿಮೀಟರ್ ಉದ್ದ, 400 ಗ್ರಾಂ ಆಸುಪಾಸಿನ ತೂಕ, ಎರಡೂ ತುದಿ ಚೂಪು. ಅದರ ಒಂದು ಮಗ್ಗುಲಲ್ಲಿ ದಪ್ಪ ದಾರದ ಹೊಲಿಗೆ. ಬಲಗೈಯವನಾದರೆ ಬಲಗೈ ಬೆರಳುಗಳು ಆ ದಾರದ ಮೇಲೆ, ಪಾಸ್ ಎಸೆಯುವ ಆಟಗಾರ ಕ್ವಾರ್ಟರ್‌ಬ್ಯಾಕ್ ಹಿಡಿದಂತೆಯೇ. ಎಡಗೈ ಚೆಂಡಿನ ಇನ್ನೊಂದು ಬದಿಗೆ ಹಗುರವಾಗಿ ಆನಿಕೊಂಡಿರುತ್ತದೆ. ಬಲ ಒಂದರದು, ದಿಕ್ಕು ಇನ್ನೊಂದರದು.

ಅಲ್ಲಿಂದ ಎರಡೂ ಕೈ ಒಟ್ಟಿಗೆ ಹಿಂದಕ್ಕೆ ಬೀಸುತ್ತವೆ. ಮುಂಗೈಗಳು ತೊಡೆಯ ಒಳಬದಿಗೆ ತಾಗುವಷ್ಟು ದೂರ ಹೋಗಿ, ಕೊನೆಯಲ್ಲಿ ಅಂಗೈಗಳು ಹೊರಕ್ಕೆ ತಿರುಗುತ್ತವೆ. ಚೆಂಡಿಗೆ ಬುಗುರಿಯ ಹಾಗೆ ಸುತ್ತು ಬರುವುದು ಆ ತಿರುವಿನಿಂದ. ಅದೇ ಹೊತ್ತಿಗೆ ಮಂಡಿ ನೆಟ್ಟಗಾಗಿ ಇಡೀ ಮೈ ಕೊಂಚ ಹಿಂದಕ್ಕೆ ಜಾರುತ್ತದೆ. ಒಳ್ಳೆಯ ಸ್ನ್ಯಾಪರ್‌ನ ಬಲ ತೋಳಿನದ್ದಲ್ಲ, ಸೊಂಟ ಮತ್ತು ಕಾಲಿನದ್ದು. ಬರೀ ತೋಳಿನಲ್ಲಿ ಎಸೆಯುವವರ ಚೆಂಡು ದಣಿವಾದಂತೆ ಮೇಲಕ್ಕೇರುತ್ತ ಹೋಗುತ್ತದೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಇದನ್ನು ಗಮನಿಸಿ.

ಪಂಟ್ ಒದೆಯುವ ಪಂಟರ್ ಅವನ ಹಿಂದೆ ನಿಂತಿರುವುದು ಸುಮಾರು 15 ಗಜ ದೂರದಲ್ಲಿ. ಕ್ರಿಕೆಟ್ ಪಿಚ್‌ನ ಸ್ಟಂಪಿನಿಂದ ಸ್ಟಂಪಿಗೆ 22 ಗಜ ಎಂದು ನೆನೆದರೆ ಅದರ ಮೂರರಲ್ಲಿ ಎರಡು ಪಾಲು. ಅಷ್ಟು ದೂರವನ್ನು ಚೆಂಡು ಮುಕ್ಕಾಲು ಸೆಕೆಂಡಿನೊಳಗೆ ದಾಟಬೇಕು. ಲೆಕ್ಕ ಹಾಕಿದರೆ ಗಂಟೆಗೆ 65–70 ಕಿಲೋಮೀಟರ್. ಬಗ್ಗಿ, ಜಗತ್ತನ್ನು ತಲೆಕೆಳಗಾಗಿ ನೋಡುತ್ತ, ಮೂಗಿನ ಮುಂದೆ ನೂರೈವತ್ತು ಕಿಲೋ ಭಾರದವರು ನುಗ್ಗಲು ಕಾಯುತ್ತಿರುವಾಗ.

ವೇಗ ಅಳೆಯಲು ಫೋನಿನ ಸ್ಟಾಪ್‌ವಾಚ್ ಸಾಕು. ಚೆಂಡು ಅಲುಗಿದಾಗ ಒತ್ತಿ, ಪಂಟರ್ ಕೈ ತಾಗಿದಾಗ ನಿಲ್ಲಿಸಿ. ನಿಮ್ಮ ಬೆರಳಿನ ತಡವಿದ್ದರೂ ಹತ್ತು ಪಂಟ್ ನೋಡುವಷ್ಟರಲ್ಲಿ 0.7 ಹೇಗಿರುತ್ತದೆ, 0.85 ಹೇಗಿರುತ್ತದೆ ಎಂದು ಮೈಗೇ ಗೊತ್ತಾಗುತ್ತದೆ. ಸ್ನ್ಯಾಪಿನಿಂದ ಒದೆತದವರೆಗೆ ಇಡೀ ವ್ಯವಹಾರ ಎರಡು ಸೆಕೆಂಡಿನ ಸುತ್ತಮುತ್ತ ಮುಗಿಯಬೇಕು. ಸ್ನ್ಯಾಪ್ ತಡವಾದಷ್ಟನ್ನು ಪಂಟರ್ ತನ್ನ ಹೆಜ್ಜೆಯಿಂದ ಕಡಿತ ಮಾಡಬೇಕು. ಪಂಟ್ ಗಿಡ್ಡವಾದರೆ ಎಲ್ಲರೂ ಪಂಟರ್‌ನನ್ನು ಬಯ್ಯುತ್ತಾರೆ. ನೀವು ಎರಡು ಸೆಕೆಂಡು ಹಿಂದಕ್ಕೆ ಹೋಗಿ ನೋಡಿ.

ವೇಗಕ್ಕಿಂತ ಮುಖ್ಯ, ಚೆಂಡು ಎಲ್ಲಿ ಬಂತು ಎನ್ನುವುದು. ಬಲಗಾಲಿನ ಪಂಟರ್‌ಗೆ ಅದು ಬಲ ಸೊಂಟದ ಹತ್ತಿರ ಬಂದರೆ ಅವನು ಕೈಯನ್ನೂ ಅಲುಗಿಸದೆ ಹಿಡಿದು, ಅಲ್ಲೇ ಬೀಳಿಸಿ ಒದೆಯಬಹುದು. ಎದೆಯ ಎಡಭಾಗಕ್ಕೆ ಬಂದರೂ ಹಿಡಿಯುತ್ತಾನೆ, ಅಂಕಿಅಂಶದಲ್ಲಿ ಅದೂ ಒಳ್ಳೆಯ ಸ್ನ್ಯಾಪೇ. ಆದರೆ ಚೆಂಡನ್ನು ಬಲಕ್ಕೆ ತರಬೇಕು, ಹೆಜ್ಜೆ ಬದಲಾಗಬೇಕು. ಹಾಗಾಗಿ ಪಂಟರ್‌ನ ಪಾದ ನೋಡಿ. ಹಿಡಿಯುವ ಮುಂಚೆ ಪಾದ ಪಕ್ಕಕ್ಕೆ ಸರಿಯಿತೆಂದರೆ ಸ್ನ್ಯಾಪ್ ಸಾಧಾರಣ. ಸರಿಯದೇ ಉಳಿದರೆ ಮನಸ್ಸಿನಲ್ಲೇ ಭೇಷ್ ಅನ್ನಿ, ಅಳಿಯಂದಿರಿಗೆ ವಿವರಿಸಲು ಹೋಗಬೇಡಿ.

ಚೆಂಡು ಬಿಟ್ಟ ಮೇಲೆ ಅವನ ಕೆಲಸ ಮುಗಿಯಲಿಲ್ಲ. ತಲೆ ಎತ್ತಿ, ನುಗ್ಗಿ ಬರುವವನನ್ನು ತಡೆದು, ಪಂಟ್ ಹೋದ ಮೇಲೆ ಅದನ್ನು ಹಿಡಿಯುವವನತ್ತ ಓಡಬೇಕು. ಕಾಲೇಜು ಆಟದಲ್ಲಿ ಸ್ನ್ಯಾಪ್ ಆದೊಡನೆ ಯಾರು ಬೇಕಾದರೂ ಮುಂದಕ್ಕೆ ಓಡಬಹುದು. ಎನ್‌ಎಫ್‌ಎಲ್‌ನಲ್ಲಿ ಎರಡು ತುದಿಯ ಇಬ್ಬರನ್ನು ಬಿಟ್ಟು ಮಿಕ್ಕವರು ಒದೆತ ಆಗುವ ತನಕ ಕಾಯಬೇಕು, ಅಂದರೆ ತಡೆಯುವ ಕೆಲಸ ತಪ್ಪಿದ್ದಲ್ಲ. ಕಾಲೇಜಿನಲ್ಲಿ ಸೊಗಸಾಗಿ ಎಸೆಯುತ್ತಿದ್ದ ಎಷ್ಟೋ ಹುಡುಗರಿಗೆ ಮೇಲಿನ ಹಂತದ ಬಾಗಿಲು ತೆರೆಯದಿರುವುದು ಇಲ್ಲಿ. ಎಸೆಯಬಲ್ಲರು, ಎದೆ ಕೊಡಲಾರರು.

ದಾರ ಎತ್ತ ಮುಖ ಮಾಡಿದೆ?

ಪಂಟ್ ನೋಡುವುದು ಅಭ್ಯಾಸವಾದ ಮೇಲೆ ಫೀಲ್ಡ್ ಗೋಲಿಗೆ ಬನ್ನಿ. ನಿಜವಾದ ರುಚಿ ಇರುವುದು ಇಲ್ಲಿ. ದೂರ ಅರ್ಧಕ್ಕಿಳಿಯುತ್ತದೆ, ಏಳೆಂಟು ಗಜ. ಹಿಂದೆ ಒಬ್ಬ ಒಂದು ಮಂಡಿಯೂರಿ ಕೂತಿರುತ್ತಾನೆ, ಅವನು ಹೋಲ್ಡರ್. ಬಹಳಷ್ಟು ತಂಡಗಳಲ್ಲಿ ಪಂಟರನೇ ಹೋಲ್ಡರ್. ಅವನು ಚೆಂಡನ್ನು ಹಿಡಿದು, ಮೊದಲೇ ಗುರುತಿಟ್ಟುಕೊಂಡ ಜಾಗದಲ್ಲಿ ತುದಿಯೂರಿ ನಿಲ್ಲಿಸಿ, ದಾರದ ಹೊಲಿಗೆ ಗೋಲುಕಂಬದತ್ತ ಮುಖ ಮಾಡುವಂತೆ ತಿರುಗಿಸಬೇಕು. ಕಿಕರ್‌ನ ಕಾಲು ಆಗಲೇ ಬೀಸುತ್ತಿರುತ್ತದೆ. ಸ್ನ್ಯಾಪಿನಿಂದ ಒದೆತದವರೆಗೆ ಸುಮಾರು 1.3 ಸೆಕೆಂಡು.

ದಾರ ಯಾಕೆ ಆ ಕಡೆಗೇ ಇರಬೇಕು? ಒದೆಯುವ ಪಾದ ನುಣುಪಾದ ಚರ್ಮಕ್ಕೆ ತಾಗಬೇಕು. ಉಬ್ಬಿದ ದಾರಕ್ಕೆ ತಾಗಿದರೆ ಚೆಂಡು ಹೇಳಿದ ಮಾತು ಕೇಳದೆ ಹೋಗಬಹುದು. ಹೋಲ್ಡರ್ ತಿರುಗಿಸಬಹುದು ನಿಜ, ಆದರೆ ಆ ತಿರುಗಿಸುವ ಕ್ಷಣದಲ್ಲಿ ಚೆಂಡು ಅಲುಗುತ್ತದೆ, ಅದನ್ನೇ ದಿಟ್ಟಿಸುತ್ತ ಬರುವ ಕಿಕರ್‌ನ ಮನಸ್ಸೂ ಅಲುಗುತ್ತದೆ. ಆದ್ದರಿಂದ ಉತ್ತಮ ಸ್ನ್ಯಾಪರ್ ಸುತ್ತುಗಳನ್ನೇ ಲೆಕ್ಕ ಹಾಕಿರುತ್ತಾನೆ. ಒಂದೇ ಹಿಡಿತ, ಒಂದೇ ವೇಗ, ಒಂದೇ ದೂರವಾದರೆ ಹೋಲ್ಡರ್ ಕೈ ಸೇರುವಷ್ಟರಲ್ಲಿ ಚೆಂಡು ಪ್ರತಿ ಸಲವೂ ಅಷ್ಟೇ ಸುತ್ತು ತಿರುಗಿರುತ್ತದೆ. ದಾರ ತಾನಾಗಿಯೇ ಕಂಬದತ್ತ ನೋಡುತ್ತಿರುತ್ತದೆ. ಒಂದು ದಿನ ಸ್ವಲ್ಪ ಹೆಚ್ಚು ಕಡಿಮೆಯಾದರೆ ಹೋಲ್ಡರ್ ಒಂದೆರಡು ಇಂಚು ಹಿಂದೆ ಮುಂದೆ ಕೂರುತ್ತಾನೆ, ಇಲ್ಲವೆ ಸ್ನ್ಯಾಪರ್ ಹಿಡಿತದಲ್ಲೇ ದಾರವನ್ನು ಕೊಂಚ ತಿರುಗಿಸಿಕೊಳ್ಳುತ್ತಾನೆ. ಪಂದ್ಯಕ್ಕೆ ಮುಂಚಿನ ತಾಲೀಮಿನಲ್ಲಿ ಗಾಳಿ, ಚಳಿ, ಚೆಂಡಿನ ಹೊಸತನ ಎಲ್ಲವನ್ನೂ ನೋಡಿ ಮೂವರೂ ಇದನ್ನು ಹೊಂದಿಸಿಕೊಳ್ಳುತ್ತಾರೆ. 1999ರಿಂದ ಎನ್‌ಎಫ್‌ಎಲ್‌ನಲ್ಲಿ ಒದೆತಕ್ಕೆಂದೇ ಬೇರೆ ಚೆಂಡುಗಳು ಬಂದ ಮೇಲೆ ಈ ಹೊಂದಾಣಿಕೆ ಇನ್ನೂ ಸೂಕ್ಷ್ಮವಾಯಿತು. ಆಡಿ ಆಡಿ ಮೆದುವಾದ ಚೆಂಡು ಹೋಗಿ, ಜಾರುವ ಹೊಸ ಚರ್ಮ ಕೈಗೆ ಬಂತು.

ಹಾಗಾಗಿ ನಿಧಾನಗತಿಯ ಮರುಪ್ರಸಾರದಲ್ಲಿ ಕಿಕರ್‌ನ ಕಾಲನ್ನು ಮರೆತು ಹೋಲ್ಡರ್‌ನ ಬೆರಳು ನೋಡಿ. ಹಿಡಿದವನು ಚೆಂಡನ್ನು ತಿರುಗಿಸದೆ ನೇರ ನೆಲಕ್ಕಿಟ್ಟನೇ? ಹಾಗಿದ್ದರೆ ಸೊಗಸಾದ ಸ್ನ್ಯಾಪ್. ಕಾಲು ಸುತ್ತು ತಿರುಗಿಸಿದನೇ? ಒಳ್ಳೆಯದು. ಅರ್ಧ ಸುತ್ತು ತಿರುಗಿಸಬೇಕಾಯಿತೇ? ಹೇಗೋ ಪಾರಾಯಿತು. ಗೋಲು ಹೋಯಿತೋ ಇಲ್ಲವೋ ಎಂಬುದಕ್ಕೂ ಈ ಅಂಕಕ್ಕೂ ಸಂಬಂಧವಿಲ್ಲ.

2016ರ ಜನವರಿ 10ರಂದು ಮಿನಿಯಾಪೊಲಿಸ್‌ನಲ್ಲಿ ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ವೈಕಿಂಗ್ಸ್ ತಂಡ ಸೀಹಾಕ್ಸ್ ಎದುರು 9–10ರಿಂದ ಹಿಂದೆ, ಉಳಿದದ್ದು ಅರ್ಧ ನಿಮಿಷಕ್ಕಿಂತ ಕಡಿಮೆ. ಬ್ಲೇರ್ ವಾಲ್ಷ್ ಒದೆಯಬೇಕಿದ್ದದ್ದು ಬರೀ 27 ಗಜದ ಫೀಲ್ಡ್ ಗೋಲ್. ಚೆಂಡು ಎಡಕ್ಕೆ ಹೋಯಿತು. ಆ ದೃಶ್ಯವನ್ನು ನಿಲ್ಲಿಸಿ ನೋಡಿದರೆ ದಾರ ಕಿಕರ್‌ನ ಕಡೆಗೇ ಮುಖ ಮಾಡಿರುವುದು ಕಾಣುತ್ತದೆ. ವಾಲ್ಷ್ ದಾರದ ನೆಪ ಹೇಳದೆ ತಪ್ಪು ತನ್ನದೆಂದ. ಅವನು ದೊಡ್ಡತನ ತೋರಿಸಿದನೆಂದು ನಾವು ಕಣ್ಣು ಮುಚ್ಚಿಕೊಳ್ಳಬೇಕಿಲ್ಲ.

ಇದಕ್ಕೆ ವಿರುದ್ಧದ ಉದಾಹರಣೆ 2021ರ ಸೆಪ್ಟೆಂಬರ್ 26ರದು. ಡೆಟ್ರಾಯಿಟ್‌ನಲ್ಲಿ ಬಾಲ್ಟಿಮೋರ್ ರೇವನ್ಸ್‌ನ ಜಸ್ಟಿನ್ ಟಕರ್ 66 ಗಜದಿಂದ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು, ಪುಟಿದು, ಆಚೆ ಬಿದ್ದು 19–17ರ ಗೆಲುವು ಬಂತು. ಆಗಿನ ಲೀಗ್ ದಾಖಲೆ ಅದು. ಸ್ನ್ಯಾಪ್ ನಿಕ್ ಮೂರ್‌ದು, ಹಿಡಿದವನು ಸ್ಯಾಮ್ ಕೋಕ್. ವರ್ಷಗಟ್ಟಲೆ ಟಕರ್‌ಗೆ ಸ್ನ್ಯಾಪ್ ಮಾಡಿದ್ದ ಮಾರ್ಗನ್ ಕಾಕ್ಸ್ ಆ ಸೀಸನ್ನಿಗೆ ಮುಂಚೆಯಷ್ಟೇ ತಂಡ ಬಿಟ್ಟಿದ್ದ. ಅಂದರೆ ಹೊಸ ಕೈಯ ಸ್ನ್ಯಾಪಿನ ಮೇಲೆ ಆ ದಾಖಲೆ ನಿಂತಿತ್ತು. ಅಡ್ಡಪಟ್ಟಿಗೆ ಬಡಿದ ಚೆಂಡಿಗೆ ಒಂದು ಇಂಚೂ ಉಳಿತಾಯವಿರಲಿಲ್ಲ ಎಂಬುದನ್ನು ನೆನೆದು ಆ ಕ್ಲಿಪ್‌ನ ಮೊದಲ ಅರ್ಧ ಸೆಕೆಂಡನ್ನು ಮತ್ತೆ ನೋಡಿ.

ಎದುರಿನವನ ಆಟ

ಸ್ನ್ಯಾಪ್ ಯಾವ ಕ್ಷಣದಲ್ಲಿ ಆಗಬೇಕೆಂಬುದು ಬಹುಮಟ್ಟಿಗೆ ಸ್ನ್ಯಾಪರ್ ಕೈಯಲ್ಲೇ ಇದೆ. ಹಿಂದಿನವರು ಸಿದ್ಧ ಎಂದು ಸೂಚನೆ ಕೊಟ್ಟ ಮೇಲೆ ಅವನು ತನ್ನ ಹೊತ್ತು ನೋಡಿ ಬಿಡುತ್ತಾನೆ. ಎದುರಿನವರು ವಾರವಿಡೀ ಅವನ ವಿಡಿಯೋ ನೋಡಿಕೊಂಡು ಬಂದಿರುತ್ತಾರೆ: ಬಿಡುವ ಮುಂಚೆ ಬೆರಳು ಬಿಗಿಯುತ್ತಾನೆಯೇ, ತಲೆ ತಗ್ಗಿಸುತ್ತಾನೆಯೇ, ಸೊಂಟ ಒಂದಿಷ್ಟು ಏಳುತ್ತದೆಯೇ. ಸಿಕ್ಕಿಬಿದ್ದರೆ ಎದುರಾಳಿಗೆ ಅರ್ಧ ಹೆಜ್ಜೆ ಲಾಭ. ಅದಕ್ಕೇ ಅನುಭವಿಗಳು ಒಮ್ಮೆ ತಕ್ಷಣ, ಒಮ್ಮೆ ಎರಡು ಉಸಿರು ತಡೆದು ಬಿಡುತ್ತಾರೆ. ಹಾಗೆಂದು ಚೆಂಡನ್ನು ಸುಮ್ಮನೆ ಕದಲಿಸಿ ಎದುರಿನವನನ್ನು ಏಮಾರಿಸುವಂತಿಲ್ಲ, ದಂಡ ಬೀಳುತ್ತದೆ.

ತಲೆ ಕಾಲ ಸಂದಿಯಲ್ಲಿರುವವನಿಗೆ ಪೆಟ್ಟು ಬಿದ್ದರೆ ಕತ್ತಿಗೇ ಅಪಾಯ. 2006ರಲ್ಲಿ ಎನ್‌ಎಫ್‌ಎಲ್ ನಿಯಮ ಬದಲಿಸಿ, ಫೀಲ್ಡ್ ಗೋಲ್ ಹೊತ್ತಿನಲ್ಲಿ ಸ್ನ್ಯಾಪರ್‌ಗೆ ನೇರ ಎದುರಾಗಿ ಯಾರೂ ನಿಲ್ಲಬಾರದು ಎಂದಿತು. ಆಮೇಲೆ ಎದುರಾಳಿಗಳು ಹೊಸ ದಾರಿ ಹುಡುಕಿದರು. ಬಗ್ಗಿದವನ ಬೆನ್ನ ಮೇಲಿಂದ ಹಾರಿ ಆಚೆ ಇಳಿದು ಒದೆತವನ್ನು ತಡೆಯುವುದು. 2016ರ ನವೆಂಬರ್‌ನಲ್ಲಿ ಡೆನ್ವರ್‌ನ ಜಸ್ಟಿನ್ ಸಿಮನ್ಸ್ ನ್ಯೂ ಆರ್ಲಿಯನ್ಸ್‌ನಲ್ಲಿ ಹೀಗೆ ಹಾರಿ ತಡೆದ ಚೆಂಡು ಅವನ ತಂಡಕ್ಕೆ ಎರಡು ಅಂಕ ತಂದು ಪಂದ್ಯವನ್ನೇ ಗೆಲ್ಲಿಸಿತು. ಮುಂದಿನ ವರ್ಷ ಹಾರುವುದನ್ನೂ ನಿಷೇಧಿಸಿದರು. ನೋಡಲು ಅದ್ಭುತವಾಗಿತ್ತು, ಸುಳ್ಳೇಕೆ. ಆದರೆ ಕೆಳಗಿದ್ದವನ ಕತ್ತು ಯೋಚಿಸಿದರೆ ನಿಷೇಧವೇ ಸರಿ.

ಯಾರು ಬೇಕಾದರೂ ಮಾಡಬಹುದಲ್ಲ?

ಹೊಸಬರು ಕೇಳಿಯೇ ಕೇಳುವ ಪ್ರಶ್ನೆ ಇದು. ಉತ್ತರ 2008ರ ಅಕ್ಟೋಬರ್ 26ರಂದು ಪಿಟ್ಸ್‌ಬರ್ಗ್‌ನಲ್ಲಿ ಸಿಕ್ಕಿತು. ಸ್ಟೀಲರ್ಸ್ ತಂಡದ ಸ್ನ್ಯಾಪರ್ ಗ್ರೆಗ್ ವಾರನ್ ಮಂಡಿಗೆ ಪೆಟ್ಟಾಗಿ ಹೊರಹೋದ. ನಾನು ಮಾಡುತ್ತೇನೆಂದು ಮುಂದೆ ಬಂದವನು ಜೇಮ್ಸ್ ಹ್ಯಾರಿಸನ್, ಆ ಸೀಸನ್ನಿನಲ್ಲೇ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನೆನಿಸಿಕೊಂಡವನು, ಮುಂದಿನ ಫೆಬ್ರವರಿಯಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಎದುರಾಳಿಯ ಪಾಸ್ ಹಿಡಿದು ನೂರು ಗಜ ಓಡಿದವನು. ಅವನ ಸ್ನ್ಯಾಪ್ ಪಂಟರ್‌ನ ತಲೆಯ ಮೇಲೆ ಹಾರಿ ಗೋಲು ಅಂಗಳವನ್ನೂ ದಾಟಿ ಹೊರಗೆ ಹೋಯಿತು. ನ್ಯೂಯಾರ್ಕ್ ಜಯಂಟ್ಸ್‌ಗೆ ಪುಕ್ಕಟೆ ಎರಡು ಅಂಕ, ಸ್ಕೋರು 14–14. ಕೊನೆಗೆ ಜಯಂಟ್ಸ್ 21–14ರಿಂದ ಗೆದ್ದರು. 2012ರ ಸೆಪ್ಟೆಂಬರ್‌ನಲ್ಲಿ ಓಕ್‌ಲೆಂಡ್ ರೈಡರ್ಸ್‌ಗೂ ಇದೇ ಗತಿ. ಸ್ನ್ಯಾಪರ್ ಜಾನ್ ಕಾಂಡೊ ತಲೆಗೆ ಪೆಟ್ಟಾಗಿ ಹೊರಗೆ, ಬದಲಿಗೆ ನಿಂತ ಲೈನ್‌ಬ್ಯಾಕರ್‌ನ ಚೆಂಡುಗಳು ನೆಲದ ಮೇಲೆ ಉರುಳುತ್ತ ಪಂಟರ್‌ನತ್ತ ಬಂದವು. ಸ್ಯಾನ್ ಡಿಯಾಗೊ ಚಾರ್ಜರ್ಸ್ 22–14ರಿಂದ ಗೆದ್ದರು. ಆ ಎರಡು ಪಂದ್ಯಗಳ ಮುಖ್ಯಾಂಶ ನೋಡಿದರೆ ಈ ಕೈಪಿಡಿಯ ಅರ್ಧ ಪಾಠ ಮುಗಿದಂತೆ.

ಹಿಂದೆ ಈ ಕೆಲಸ ಯಾರಾದರೂ ಲೈನ್‌ಮನ್ ತನ್ನ ನಿತ್ಯದ ಆಟದ ಜೊತೆಗೆ ಮಾಡುವ ಉಪಕಸುಬಾಗಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ವಾಷಿಂಗ್ಟನ್ ತಂಡದ ಕೋಚ್ ಜಾರ್ಜ್ ಆಲನ್ ಇದಕ್ಕೆಂದೇ ಒಬ್ಬನನ್ನು ಇಟ್ಟುಕೊಂಡ. ಅವನು ಜಾರ್ಜ್ ಬರ್ಮನ್. ಆಟ ಬಿಟ್ಟ ಮೇಲೆ ಅರ್ಥಶಾಸ್ತ್ರದ ದಾರಿ ಹಿಡಿದು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಡೀನ್ ಆದ. ಕೆಲಸವನ್ನು ಹಂಚಿ, ಒಬ್ಬೊಬ್ಬರು ಒಂದೊಂದರಲ್ಲೇ ನಿಷ್ಣಾತರಾದರೆ ಏನು ಲಾಭ ಎಂದು ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಈಗ ಹೈಸ್ಕೂಲಿನಲ್ಲೇ ಹುಡುಗರು ಇದೊಂದನ್ನೇ ಕಲಿಯುತ್ತಾರೆ. ಕ್ರಿಸ್ ರೂಬಿಯೋ ಎಂಬಾತನ ಶಿಬಿರಗಳಿಗೆ ದೇಶದ ಮೂಲೆಮೂಲೆಯಿಂದ ಮಕ್ಕಳನ್ನು ಕರೆತರುವ ತಂದೆತಾಯಿಗಳಿದ್ದಾರೆ, ಕಾಲೇಜಿನ ಸ್ಕಾಲರ್‌ಶಿಪ್ ಸಿಗುತ್ತದೆ ಎಂಬ ಆಸೆಗೆ. ಶಿಕಾಗೋ ಬೇರ್ಸ್‌ಗೆ 1998ರಿಂದ 2013ರವರೆಗೆ 16 ಸೀಸನ್ ಆಡಿದ ಪ್ಯಾಟ್ರಿಕ್ ಮ್ಯಾನೆಲಿ ಹೆಸರಿನಲ್ಲಿ 2019ರಿಂದ ಕಾಲೇಜು ಮಟ್ಟದ ಅತ್ಯುತ್ತಮ ಸ್ನ್ಯಾಪರ್‌ಗೆ ಪ್ರಶಸ್ತಿಯೂ ಇದೆ. ಆದರೂ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಸ್ನ್ಯಾಪರ್‌ಗೆ ಕರೆ ಬರುವುದು ಅಪರೂಪ. 2003ರಲ್ಲಿ ಕ್ಲೀವ್‌ಲೆಂಡ್ ರಯನ್ ಪಾಂಟ್‌ಬ್ರಿಯಾಂಡ್‌ನನ್ನು ಐದನೇ ಸುತ್ತಿನಲ್ಲಿ ತೆಗೆದುಕೊಂಡಿತು. 2015ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅದೇ ಸುತ್ತಿನಲ್ಲಿ ನೌಕಾ ಅಕಾಡೆಮಿಯ ಜೋ ಕಾರ್ಡೋನನನ್ನು ಆರಿಸಿತು. ಅವನು ನೌಕಾಪಡೆಯ ಅಧಿಕಾರಿಯಾಗಿ ಕರ್ತವ್ಯ ಮಾಡುತ್ತಲೇ ಎರಡು ಸೂಪರ್ ಬೌಲ್ ಗೆದ್ದ. ಹೆಚ್ಚಿನವರು ಮಾತ್ರ ಡ್ರಾಫ್ಟ್ ಮುಗಿದ ಮೇಲೆ ಬರುವ ಫೋನಿಗೆ ಕಾಯುತ್ತಾರೆ.

ಮೂವತ್ತೆರಡು ಕುರ್ಚಿ

ಸಂಬಳ ನಮ್ಮ ಲೆಕ್ಕಕ್ಕೆ ದೊಡ್ಡದೇ. 2024ರಲ್ಲಿ ಹೊಸಬನಿಗೆ ಲೀಗ್ ಕೊಡಬೇಕಿದ್ದ ಕನಿಷ್ಠ ಸಂಬಳ 7,95,000 ಡಾಲರ್, ಏಳು ಸೀಸನ್ ದಾಟಿದವನಿಗೆ 12,10,000. ಸ್ನ್ಯಾಪರ್‌ಗಳು ಬಹುತೇಕ ಈ ಗೆರೆಗಳ ಅಕ್ಕಪಕ್ಕದಲ್ಲೇ ಇರುತ್ತಾರೆ. ಅದೇ ಡ್ರೆಸ್ಸಿಂಗ್ ರೂಮಿನಲ್ಲಿ ಐದು ಕೋಟಿ ಡಾಲರ್ ಎಣಿಸುವ ಕ್ವಾರ್ಟರ್‌ಬ್ಯಾಕ್ ಇರಬಹುದು. ಸ್ನ್ಯಾಪರ್‌ನ ನಿಜವಾದ ಸಂಪತ್ತು ಆಯುಷ್ಯ. ಓಡುವವರು, ಢಿಕ್ಕಿ ಹೊಡೆಯುವವರು ಮೂವತ್ತು ಮುಟ್ಟುವುದರೊಳಗೆ ಸವೆದುಹೋಗುವ ಆಟದಲ್ಲಿ ಡಾನ್ ಮೂಲ್‌ಬಾಕ್ ಡೆಟ್ರಾಯಿಟ್ ಲಯನ್ಸ್ ಒಂದೇ ತಂಡಕ್ಕೆ 17 ಸೀಸನ್, 260 ಪಂದ್ಯ ಆಡಿದ. ಕೋಚ್‌ಗಳು ಬಂದರು ಹೋದರು, ಅವನು ಇದ್ದ. ಒಮ್ಮೆ ಒಳಗೆ ಕೂತವನು ಏಳುವುದಿಲ್ಲವಾದ್ದರಿಂದ ಹೊರಗೆ ನಿಂತವನಿಗೆ ಜಾಗ ಸಿಗುವುದೂ ಇಲ್ಲ. ಯಾರದೋ ಮಂಡಿ ಮುರಿದ ಸುದ್ದಿ ಬಂದ ದಿನ ಬ್ಯಾಗು ಹೆಗಲಿಗೇರಿಸಿ ವಿಮಾನ ಹತ್ತಬೇಕು. ಅಲ್ಲಿ ಅಂಥವರೇ ನಾಲ್ಕೈದು ಜನ ಸಾಲಿನಲ್ಲಿರುತ್ತಾರೆ.

ಟ್ರೇ ಜಂಕಿನ್‌ನ ಕಥೆ ಹೇಳದೆ ಇದನ್ನು ಮುಗಿಸಲಾಗದು. 1983ರಲ್ಲಿ ಲೀಗಿಗೆ ಬಂದು, ತಂಡದಿಂದ ತಂಡಕ್ಕೆ ಹೋಗುತ್ತ, ಹತ್ತೊಂಬತ್ತು ಸೀಸನ್ ದುಡಿದು ನಿವೃತ್ತನಾಗಿ ಮನೆಯಲ್ಲಿದ್ದ. 2002ರ ಸೀಸನ್ನಿನಲ್ಲಿ ಸ್ನ್ಯಾಪರ್‌ಗಳ ತಾಪತ್ರಯದಲ್ಲಿದ್ದ ನ್ಯೂಯಾರ್ಕ್ ಜಯಂಟ್ಸ್ ಪ್ಲೇಆಫ್ ಪಂದ್ಯಕ್ಕೆ ಕೆಲವೇ ದಿನ ಇದ್ದಾಗ ಅವನನ್ನು ಕರೆಸಿತು. ಆಗ ವಯಸ್ಸು 41. 2003ರ ಜನವರಿ 5, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಜಯಂಟ್ಸ್ 38–14ರಿಂದ ಮುಂದಿದ್ದರು. ಎದುರಾಳಿ ಫಾರ್ಟಿನೈನರ್ಸ್ ಒಂದೊಂದೇ ಮೆಟ್ಟಿಲು ಹತ್ತಿ 39–38 ಮಾಡಿದರು. ಕೊನೆಯ ಆರು ಸೆಕೆಂಡು ಇದ್ದಾಗ 41 ಗಜದ ಫೀಲ್ಡ್ ಗೋಲ್, ಹೋದರೆ ಗೆಲುವು. ಜಂಕಿನ್‌ನ ಸ್ನ್ಯಾಪ್ ಜಾಡು ತಪ್ಪಿ ಬಂತು. ಹೋಲ್ಡರ್ ಮ್ಯಾಟ್ ಆಲನ್ ಹೇಗೋ ಹಿಡಿದ, ಆದರೆ ನಿಲ್ಲಿಸಲು ಸಮಯವಿರಲಿಲ್ಲ. ಎದ್ದು ಓಡಿ ಮುಂದಕ್ಕೆ ಎಸೆದ. ಹಿಡಿಯಲು ಹೋದವನನ್ನು ಎದುರಾಳಿ ಎಳೆದು ಬೀಳಿಸಿದ. ಪಂದ್ಯ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಎಳೆದಾಟಕ್ಕೆ ದಂಡ ವಿಧಿಸದೆ ಅಂಪೈರ್‌ಗಳು ತಪ್ಪು ಮಾಡಿದರೆಂದು ಲೀಗ್ ಮರುದಿನ ಒಪ್ಪಿಕೊಂಡಿತು. ಆ ಒಪ್ಪಿಗೆಯಿಂದ ಯಾರ ಹೊಟ್ಟೆಯೂ ತುಂಬಲಿಲ್ಲ.

ಪಂದ್ಯದ ನಂತರ ಜಂಕಿನ್ ತಪ್ಪಿಸಿಕೊಂಡು ಓಡಲಿಲ್ಲ. ವರದಿಗಾರರ ಮುಂದೆ ನಿಂತು ಹೊಣೆ ತನ್ನದೆಂದ. ಇಪ್ಪತ್ತನಾಲ್ಕು ಅಂಕಗಳ ಮುನ್ನಡೆಯನ್ನು ಕರಗಿಸಿದವರು ಇನ್ನೂ ಹಲವರಿದ್ದರು. ಅವರ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಹತ್ತೊಂಬತ್ತು ಸೀಸನ್ನಿನ ಸಾವಿರಾರು ಸ್ನ್ಯಾಪ್‌ಗಳ ಲೆಕ್ಕವೂ ಯಾರ ಹತ್ತಿರವೂ ಇಲ್ಲ. ಉಳಿದದ್ದು ಆ ಒಂದು. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಈ ಕೆಲಸದವರಿಗೆ ವಾರದಲ್ಲಿ ಬಿಡುವು ಹೆಚ್ಚು. ತಂಡವೆಲ್ಲ ಒಂದು ಕಡೆ ಬೆವರು ಸುರಿಸುತ್ತಿರುವಾಗ ಸ್ನ್ಯಾಪರ್, ಪಂಟರ್, ಕಿಕರ್ ಮೂವರು ಮೈದಾನದ ಮೂಲೆಯಲ್ಲಿ ತಮ್ಮ ಪಾಡಿಗೆ ತಾವಿರುತ್ತಾರೆ. ಅದಕ್ಕೋ ಏನೋ, ಇವರಲ್ಲಿ ವಿಚಿತ್ರ ವ್ಯಕ್ತಿಗಳು ಬಹಳ. ಫಿಲಡೆಲ್ಫಿಯಾ ಈಗಲ್ಸ್‌ಗೆ ಸತತ 162 ಪಂದ್ಯ ಆಡಿದ ಜಾನ್ ಡೋರನ್‌ಬಾಸ್ ಜಾದೂಗಾರ. ಹನ್ನೆರಡು ವಯಸ್ಸಿನಲ್ಲಿ ತಂದೆಯೇ ತಾಯಿಯನ್ನು ಕೊಂದ ಮನೆಯಿಂದ ಬಂದವನು, ಇಸ್ಪೀಟಿನ ಎಲೆಗಳಲ್ಲಿ ನೆಮ್ಮದಿ ಕಂಡುಕೊಂಡವನು. 2016ರಲ್ಲಿ ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್’ನ ಅಂತಿಮ ಸುತ್ತಿನವರೆಗೆ ಹೋದ. ಮರುವರ್ಷ ಈಗಲ್ಸ್ ಅವನನ್ನು ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಕೊಟ್ಟಿತು. ಹೊಸ ತಂಡದ ವೈದ್ಯರು ಎದೆ ಪರೀಕ್ಷಿಸಿದಾಗ ಹೃದಯದ ಮಹಾಧಮನಿ ಅಪಾಯದ ಮಟ್ಟಕ್ಕೆ ಉಬ್ಬಿರುವುದು ಕಂಡಿತು. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾಯಿತು, ಆಟ ಅಲ್ಲಿಗೆ ನಿಂತಿತು. ಹಳೆಯ ತಂಡ ಬೇಡವೆನ್ನದಿದ್ದರೆ ಜೀವ ಉಳಿಯುತ್ತಿತ್ತೇ ಎಂಬುದು ಅನುಮಾನ. ಆ ಸೀಸನ್ನಿನಲ್ಲೇ ಈಗಲ್ಸ್ ಸೂಪರ್ ಬೌಲ್ ಗೆದ್ದಿತು, ಮಾಲೀಕರು ಇವನಿಗೂ ಒಂದು ಉಂಗುರ ಕೊಟ್ಟರು.

ಇನ್ನೊಬ್ಬ ನೇಟ್ ಬೋಯರ್. ಸೈನ್ಯದ ವಿಶೇಷ ದಳದಲ್ಲಿದ್ದು, ಮೂವತ್ತರ ಹೊಸ್ತಿಲಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಸೇರಿ, ತಂಡದಲ್ಲಿ ಜಾಗ ಸಿಗಬೇಕಾದರೆ ಇದೊಂದೇ ದಾರಿ ಎಂದು ಸ್ನ್ಯಾಪಿಂಗನ್ನು ತಾನೇ ಕಲಿತ. 2015ರಲ್ಲಿ 34ನೇ ವಯಸ್ಸಿಗೆ ಸಿಯಾಟಲ್ ಸೀಹಾಕ್ಸ್ ಅವನಿಗೆ ಒಂದು ಅಭ್ಯಾಸ ಪಂದ್ಯದ ಅವಕಾಶ ಕೊಟ್ಟು ಬಿಟ್ಟುಬಿಟ್ಟಿತು. ಮುಂದಿನ ವರ್ಷ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕ್ಯಾಪರ್ನಿಕ್ ರಾಷ್ಟ್ರಗೀತೆಯ ಹೊತ್ತಿನಲ್ಲಿ ಕೂತೇ ಇದ್ದು ಪ್ರತಿಭಟಿಸಿದಾಗ ಬೋಯರ್ ಅವನನ್ನು ಭೇಟಿಯಾಗಿ, ಕೂರುವ ಬದಲು ಮಂಡಿಯೂರು ಎಂದು ಸಲಹೆ ಕೊಟ್ಟ. 2016ರ ಸೆಪ್ಟೆಂಬರ್ 1ರಂದು ಸ್ಯಾನ್ ಡಿಯಾಗೊದಲ್ಲಿ ಕ್ಯಾಪರ್ನಿಕ್ ಮಂಡಿಯೂರಿದ, ಪಕ್ಕದಲ್ಲಿ ಬೋಯರ್ ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಜಗತ್ತೆಲ್ಲ ನೋಡಿದ ಆ ಭಂಗಿಯ ಹಿಂದೆ ಒಬ್ಬ ಲಾಂಗ್ ಸ್ನ್ಯಾಪರ್ ಇದ್ದನೆಂಬುದು ಆಟ ಬಲ್ಲವರಲ್ಲೂ ಅನೇಕರಿಗೆ ತಿಳಿಯದು.

ಇಷ್ಟು ಓದಿದ ಮೇಲೆ ಒಂದು ಅಭ್ಯಾಸ ಮಾಡಿ. 2007ರ ಜನವರಿ 6ರ ಸಿಯಾಟಲ್–ಡಲ್ಲಾಸ್ ಪಂದ್ಯದ ಕೊನೆಯ ಭಾಗ ಹುಡುಕಿ ನೋಡಿ. ಡಲ್ಲಾಸ್ 20–21ರಿಂದ ಹಿಂದಿದೆ, ಫೀಲ್ಡ್ ಗೋಲ್ ಬರೀ 19 ಗಜದ್ದು. ಕ್ವಾರ್ಟರ್‌ಬ್ಯಾಕ್ ಟೋನಿ ರೋಮೊ ಅಂದು ಹೋಲ್ಡರ್ ಕೂಡ. ಚೆಂಡು ಅವನ ಕೈಯಿಂದ ಜಾರುತ್ತದೆ, ಎತ್ತಿಕೊಂಡು ಓಡುತ್ತಾನೆ, ಗೆರೆ ಮುಟ್ಟುವ ಮೊದಲೇ ಬೀಳಿಸಲ್ಪಡುತ್ತಾನೆ. ಎಲ್ಲರೂ ನೋಡುವುದು ಇದನ್ನೇ. ನೀವು ಮಾತ್ರ ರೋಮೊನ ಮುಖ ಮರೆತು ಅದಕ್ಕೆ ಹಿಂದಿನ ಏಳು ಗಜ ನೋಡಿ. ಚೆಂಡು ಎಷ್ಟು ಎತ್ತರಕ್ಕೆ ಬಂತು, ಅವನು ಕೈ ಚಾಚಬೇಕಾಯಿತೇ, ಜಾರಿದ್ದು ಹಿಡಿಯುವಾಗಲೋ ಇಡುವಾಗಲೋ. ಆ ಸ್ನ್ಯಾಪ್ ಕೆನಡಾದ ಹುಡುಗ ಎಲ್.ಪಿ. ಲಾಡೂಸರ್‌ನದು, ಅದರಲ್ಲಿ ನನಗಂತೂ ಹುಳುಕು ಕಾಣಲಿಲ್ಲ. ಅವನು ಅದೇ ತಂಡದಲ್ಲಿ 2020ರವರೆಗೆ ಒಟ್ಟು 253 ಪಂದ್ಯ ಆಡಿದ. ಇನ್ನಷ್ಟು ನೋಡಬೇಕೆನಿಸಿದರೆ ಅವನ ಹೆಸರು ಹಾಕಿ ಹುಡುಕುವುದರಿಂದ ಹೆಚ್ಚೇನೂ ಸಿಗದು. ಅವನ ಸ್ನ್ಯಾಪ್‌ಗಳಿಂದ ಆಮೇಲೆ ಡಲ್ಲಾಸಿಗೆ ಒದೆಯುತ್ತಿದ್ದ ಕಿಕರ್ ಡ್ಯಾನ್ ಬೇಯ್ಲಿ ಹೆಸರು ಹಾಕಿ.